ಹಳೆ ಬೆಟ್ಟದ ಅಪೊಲೆನಾ ಮತ್ತು ಹತ್ತು ಬುಟ್ಟಿ ಮಣ್ಣು

ಅಪೊಲೆನಾಳ ಮುತ್ತಜ್ಜನ ಹೆಸರು ಮೆತೊದೇಯ್. ಬೇರು ತಿನ್ನುವ ಹೇನು ಬಂದು ನಮ್ಮ ಹಳೆ ಬೆಟ್ಟದ ದ್ರಾಕ್ಷಿ ಬಳ್ಳಿಗಳೆಲ್ಲ ನಿಂತಲ್ಲೇ ಒಣಗಿದ ವರ್ಷ, ಆ ಹೇನಿಗೆ ಜಗ್ಗದ ಹೊಸ ತಳಿಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಆಸ್ಟ್ರಿಯಾದ ಕಡೆಯಿಂದ ಎರಡು ದಿನ ನಡೆದು ಹೊತ್ತು ತಂದವನು ಅವನು. ಗೋಣಿ ಒಣಗಬಾರದೆಂದು ದಾರಿಯ ಪ್ರತಿ ಬಾವಿಯ ಬಳಿ ನಿಂತು ನೀರು ಬೇಡಿದನಂತೆ. ಮೊದಲು ಗೋಣಿಗೆ, ಆಮೇಲೆ ತನ್ನ ಬಾಯಿಗೆ. ಮೆತೊದೇಯನ ಮಗ ವಿಂಚೆನ್ಸ್. ಹನ್ನೊಂದು ಚಳಿಗಾಲ ಗುದ್ದಲಿ ಹಿಡಿದು ಬೆಟ್ಟದ ಬುಡದಲ್ಲಿ ದ್ರಾಕ್ಷಾರಸ ಇಡಲು ಇಪ್ಪತ್ಮೂರು ಮೆಟ್ಟಿಲಿನ ನೆಲಮಾಳಿಗೆ ಕೊರೆದ. ಕೊನೆಯ ಚಳಿಗಾಲ ಬಂಡೆಯೊಂದು ಅಡ್ಡ ಬಂತು. ಒಡೆಯುವ ಬದಲು ಅದನ್ನು ಸುತ್ತುಬಳಸಿ ಕೊರೆದ. ಅದಕ್ಕೇ ಅವರ ನೆಲಮಾಳಿಗೆಯಲ್ಲಿ ಇಂದಿಗೂ ಒಂದು ತಿರುವಿದೆ. ಹೊಟ್ಟೆ ಬಂದವರು ಅಲ್ಲಿ ಅಡ್ಡಡ್ಡ ನಡೆಯಬೇಕು.

ವಿಂಚೆನ್ಸನ ಮಗ ಕ್ಲಿಮೆಂಟ್, ಅಪೊಲೆನಾಳ ಅಪ್ಪ, ಬೆಟ್ಟದ ಕಾವಲುಗಾರ. ಹೊಲ ತೋಟಗಳೆಲ್ಲ ಊರೊಟ್ಟಿನ ಸಂಘಕ್ಕೆ ಸೇರಿಹೋದ ಕಾಲದಲ್ಲಿ ಅವನ ಸಾಲುಗಳೂ ಹೋದವು. ಸಂಘದವರು ಕಾವಲಿಗೆ ಅವನನ್ನೇ ಇಟ್ಟರು. ತನ್ನ ಅಜ್ಜ ಹೊತ್ತು ತಂದ ಬಳ್ಳಿಗಳನ್ನು ಪರರ ಸೊತ್ತೆಂದು ಇಪ್ಪತ್ತೆಂಟು ವರ್ಷ ಕಾದ. ಕೊಯ್ಲು ಮುಗಿಯುವವರೆಗೆ ಕಾವಲುಗಾರನ ಬಾಯಿಗೆ ಒಂದು ಹಣ್ಣೂ ಹೋಗಬಾರದು ಎಂಬ ನಿಯಮವನ್ನು ಅವನೇ ಮಾಡಿಕೊಂಡದ್ದು. ಯಾವ ಪುಸ್ತಕದಲ್ಲೂ ಬರೆದಿಲ್ಲ. ಜನ ನಗುತ್ತಿದ್ದರು. ಅವನು ಮೀಸೆ ಒರೆಸಿಕೊಂಡು ಮುಂದಿನ ಸಾಲಿಗೆ ನಡೆಯುತ್ತಿದ್ದ. ಮುಂದೆ ಸಂಘ ಮುರಿದು ಸಾಲುಗಳು ಆಯಾ ಮನೆಯವರಿಗೆ ಮರಳಿದವು, ಕಾವಲು ಹಾಗೇ ಉಳಿಯಿತು.

ಕ್ಲಿಮೆಂಟನಿಗೆ ಒಬ್ಬಳೇ ಮಗಳು. ಹತ್ತೊಂಬತ್ತಕ್ಕೆ ಅಂಚೆ ಕೆಲಸಕ್ಕೆ ಸೇರಿ ಮೂವತ್ತೆಂಟು ವರ್ಷ ನಮ್ಮ ಲಿಪಾವಿತ್ಸೆಗೂ ಸುತ್ತಲಿನ ಮೂರು ಹಳ್ಳಿಗಳಿಗೂ ಸೈಕಲ್ ಮೇಲೆ ಕಾಗದ ಹಂಚಿದಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಸೈಕಲ್ ಹಿಂದೆ ಇರೋದು ಒಂದೇ ಸೀಟು. ಅಲ್ಲಿ ಅಂಚೆ ಚೀಲ ಕೂತಿದೆ," ಎನ್ನುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಬೆಟ್ಟದ ಕಾವಲೂ ಅವಳ ಕೈಗೆ ಬಂತು. ಅಲ್ಲಿಯವರೆಗೆ ಹೆಂಗಸರು ಯಾರೂ ಕಾವಲಿಗೆ ನಿಂತಿರಲಿಲ್ಲ. ಕೆಲವರು ಮೂಗು ಮುರಿದರು. ಮೊದಲ ಶರತ್ಕಾಲದಲ್ಲೇ ಅವಳು ಕಬ್ಬಕ್ಕಿಗಳ ಹಿಂಡಿನ ಹಿಂದೆ ಮರದ ಗಿರಕಿಯನ್ನು ಕಟಕಟ ತಿರುಗಿಸುತ್ತ, ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಪರಿ ನೋಡಿ ಮೂಗುಗಳು ತಮ್ಮ ಜಾಗಕ್ಕೆ ಮರಳಿದವು.

ನನ್ನ ವಿಷಯ ಎರಡು ಮಾತು, ಅವಳ ಋಣ ಹೇಳಲಿಕ್ಕೆ ಮಾತ್ರ. ನಾನು ಪೀಪಾಯಿ ಕಟ್ಟುವವನು. ಶಾಲೆಯ ಬೆಂಚು ಸವೆಸಿದ್ದು ಎಂಟೇ ವರ್ಷ, ಅದರಲ್ಲೂ ಅರ್ಧ ಕಿಟಕಿಯ ಹೊರಗೆ. ನಲವತ್ತೆರಡನೆಯ ವಯಸ್ಸಿನಲ್ಲಿ ದೊಡ್ಡ ಪೀಪಾಯಿಯೊಂದು ಉರುಳಿ ನನ್ನ ಸೊಂಟ ಮುರಿಯಿತು. ಏಳು ತಿಂಗಳು ಹಾಸಿಗೆ. ಪ್ರತಿ ಗುರುವಾರ ಅಪೊಲೆನಾ ಪಟ್ಟಣದ ಗ್ರಂಥಾಲಯದಿಂದ ಒಂದು ಪುಸ್ತಕವನ್ನು ಕಾಗದಗಳ ಅಡಿಯಲ್ಲಿ ಇಟ್ಟು ತರುತ್ತಿದ್ದಳು. ಅದು ಅವಳ ಕೆಲಸವಲ್ಲ. ಮೇಲಿನವರಿಗೆ ತಿಳಿದರೆ ಬೈಗುಳ. ಮೊದಲ ವಾರದ ಪುಸ್ತಕವನ್ನು ನಾನು ದಿಂಬಿನಡಿ ಇಟ್ಟು ಮಲಗಿದ್ದೆ.

"ಓದಿದ್ಯಾ, ಇಗ್ನಾತ್ಸಣ್ಣ?"

"ಓದ್ದೆ."

"ಕೊನೇಲಿ ಸತ್ತಿದ್ದು ಯಾರು?"

ನಾನು ಸೂರು ನೋಡಿದೆ.

"ಹಂಗಾದ್ರೆ ಅದೇ ಇನ್ನೊಂದು ವಾರ ಇರಲಿ. ಸತ್ತೋರು ಎಲ್ಲೂ ಹೋಗಲ್ಲ," ಎಂದು ಸೈಕಲ್ ಹತ್ತಿ ಹೋದಳು.

ಅವಮಾನಕ್ಕೆ ಓದಿದೆ. ಆಮೇಲೆ ಆಸೆಗೆ ಓದಿದೆ. ಇವತ್ತು ನಾನು ನಾಲ್ಕು ಸಾಲು ನೆಟ್ಟಗೆ ಬರೆಯುತ್ತೇನಾದರೆ ಅದರಲ್ಲಿ ಯಾವ ಮೇಷ್ಟರಿಗೂ ಪಾಲಿಲ್ಲ. ಪಾಲಿದ್ದರೆ ಆ ಅಂಚೆ ಚೀಲಕ್ಕಿದೆ.

ಅವಳು ಅಂಚೆ ಕೆಲಸದಿಂದ ನಿವೃತ್ತಿಯಾದ ವರ್ಷವೇ ನಮ್ಮ ತೋಟಗಳ ನಡುವಿನ ಗಾಡಿದಾರಿಗೆ ಸೈಕಲ್ ದಾರಿಯ ಗುರುತು ಬರೆದರು. ಬೆನ್ನಿಗೆ ದೊಡ್ಡ ಚೀಲ ಹೊತ್ತವರು ಊರೂರಿನಿಂದ ಬರತೊಡಗಿದರು. ನಕ್ಷೆಯನ್ನು ತಲೆಕೆಳಗು ಹಿಡಿದು ನಿಂತವರಿಗೆ ಅವಳು ಬಾಯಲ್ಲಿ ದಾರಿ ಹೇಳಲಿಲ್ಲ. "ಹಿಂದೆ ಬನ್ನಿ" ಎಂದು ಮುಂದೆ ಸೈಕಲ್ ಬಿಟ್ಟಳು. ಅಷ್ಟೇ ಅದರ ಶುರು. ಮರುವರ್ಷ ಅವಳ ಹೆಸರು ಕೇಳಿಕೊಂಡೇ ಬಂದರು. ಫಲಕವಿಲ್ಲದ ನೆಲಮಾಳಿಗೆಗಳಿಗೆ, ಒಂದೇ ಪೀಪಾಯಿ ಇಟ್ಟುಕೊಂಡ ವಿಧವೆಯರ ಮನೆಗಳಿಗೆ ಅವರನ್ನು ಕರೆದೊಯ್ದಳು. ಹೋದ ಕಡೆ ಮೊದಲು ಹಂದಿಕೊಬ್ಬು ಸವರಿದ ರೊಟ್ಟಿ, ಈರುಳ್ಳಿ. ಹೊಟ್ಟೆಗೆ ಬಿದ್ದ ಮೇಲೆಯೇ ದ್ರಾಕ್ಷಾರಸದ ಲೋಟ. ಬೆಟ್ಟ ಹತ್ತುವ ಮೊದಲು ಎರಡಕ್ಕಿಂತ ಹೆಚ್ಚು ಲೋಟ ಇಲ್ಲ. ಬುರ್ಚಾಕ್, ಅಂದರೆ ಇನ್ನೂ ನೊರೆಯಾಡುವ ಎಳೆಯ ರಸ, ಕೊಂಡವರು ಸೀಸೆಯ ಮುಚ್ಚಳ ಬಿಗಿಯಬಾರದು. ಬರ್ನೊ ನಗರದ ಒಬ್ಬ ಗಣಿತದ ಮೇಷ್ಟರು ಈ ಮಾತು ಕೇಳದೆ ಬಿಗಿಯಾಗಿ ಮುಚ್ಚಿ ಬೆನ್ನಚೀಲಕ್ಕೆ ಹಾಕಿಕೊಂಡರು. ಚರ್ಚಿನ ಮುಂದೆ ಬರುವಷ್ಟರಲ್ಲಿ ಬೆನ್ನ ಮೇಲೇ ಢಬ್ಬೆಂದಿತು. ಸತ್ತೆನೆಂದುಕೊಂಡು ರಸ್ತೆಯಲ್ಲೇ ಮಲಗಿಬಿಟ್ಟರು. ಅಪೊಲೆನಾ ಅವರ ಅಂಗಿ ಹಿಂಡಿ ಒಣಹಾಕಿ, "ಲೆಕ್ಕ ಹೇಳ್ಕೊಡೋರಿಗೆ ಗಾಳಿ ಎಷ್ಟು ಜಾಗ ಕೇಳ್ತದೆ ಅಂತ ಗೊತ್ತಿರಬೇಕಪ್ಪ," ಎಂದಳು.

ಅವಳಿಂದಾಗಿ ನಮ್ಮ ನೆಲಮಾಳಿಗೆ ಬೀದಿಯ ಬಾಗಿಲುಗಳು ಮತ್ತೆ ತೆರೆದವು. ತುಕ್ಕು ಹಿಡಿದಿದ್ದ ಬೀಗಗಳಿಗೆ ಎಣ್ಣೆ ಬಿತ್ತು. ನನಗೂ ಹದಿನಾಲ್ಕು ಪೀಪಾಯಿ ಕಟ್ಟುವ ಕೆಲಸ ಬಂತು. ಇದನ್ನೆಲ್ಲ ಅವಳ ಮುಂದೆ ಎತ್ತಿದರೆ ಮಾತು ತಿರುಗಿಸುತ್ತಾಳೆ. ಯಾರು ಏನು ಕೊಟ್ಟರೂ, ಒಂದು ಲೋಟ ನೀರೇ ಆಗಲಿ, "ದೇವರು ತೀರಿಸಲಿ" ಎಂದು ಆ ಋಣವನ್ನು ದೇವರಿಗೆ ಒಪ್ಪಿಸುವುದು ಅವಳ ಬಾಯಿಪಾಠ.

ಈಗ ಕಳೆದ ವರ್ಷದ ಸಂಗತಿಗೆ ಬರುತ್ತೇನೆ. ಆಗ ಅವಳಿಗೆ ಎಪ್ಪತ್ತೆರಡು.

ಆಗಸ್ಟ್ ಕೊನೆಯಲ್ಲಿ ಹಣ್ಣು ಮೆತ್ತಗಾಗತೊಡಗಿದಾಗ ನಾವು ಬೆಟ್ಟ ಮುಚ್ಚುತ್ತೇವೆ. ತುದಿಗೆ ಹೂಗೊಂಚಲು ಕಟ್ಟಿದ ಎತ್ತರದ ಕಂಬವನ್ನು ಬೆಟ್ಟದ ಬಾಯಲ್ಲಿ ನೆಟ್ಟು, ಬುಡಕ್ಕೆ ದ್ರಾಕ್ಷಾರಸ ಸುರಿದು, ಕಾವಲಿನವರು ಅಲ್ಲೇ ನಿಂತು ಮಾತು ಕೊಟ್ಟರೆ ಮುಗಿಯಿತು. ಕೊಯ್ಲಿನವರೆಗೆ ಒಳಗೆ ಅಡ್ಡಾಡುವಂತಿಲ್ಲ. ಮಾಲೀಕ ತನ್ನ ಸಾಲಿಗೆ ಹೋಗಬಹುದು. ಕಾವಲಿನವರು ನಡುವಿನ ಗಾಡಿದಾರಿಯಲ್ಲಿ ಬಂದವರನ್ನು ಕರೆದೊಯ್ಯಬಹುದು, ಕತ್ತರಿ ಆಡಿಸುವುದು ಮಾತ್ರ ತಮ್ಮ ಸಾಲಿನಲ್ಲೇ. ಇನ್ನೊಬ್ಬರ ಸಾಲಿಗೆ ಕೈ ಹಾಕಿದವರಿಗೆ ದಂಡವಿದೆ. ಮಳೆ ಕೊಚ್ಚಿ ಬುಡಕ್ಕೆ ತಂದ ಮಣ್ಣನ್ನು ಬೆನ್ನಬುಟ್ಟಿಯಲ್ಲಿ ತುಂಬಿ ಆ ಸಾಲಿನ ತಲೆಗೆ ಹೊತ್ತು ಸುರಿಯಬೇಕು. ಹತ್ತು ಬುಟ್ಟಿ, ಒಂದೇ ದಿನ, ಚರ್ಚಿನ ಸಂಜೆಯ ಗಂಟೆಯೊಳಗೆ. ಬೇರೆಯವರ ಕೈ ತಾಗಿದ ಬುಟ್ಟಿ ಬುಟ್ಟಿಯಲ್ಲ. ಕಾವಲಿನವರೇ ತಪ್ಪಿದರೂ ದಂಡ ಅದೇ. ತೀರಿಸಿದರೆ ಚೊಕ್ಕ, ಗಿರಕಿ ಅವರದೇ. ತೀರಿಸದಿದ್ದರೆ ಗಿರಕಿ ಕೆಳಗಿಟ್ಟು ಕಾವಲು ಬಿಡಬೇಕು.

ಸೆಪ್ಟೆಂಬರ್ ಮೊದಲ ವಾರ ಮೂವರು ಸೈಕಲ್ಲಿನವರು ಬಂದರು. ರಾಜಧಾನಿ ಪ್ರಾಹಾದ ಗಂಡಹೆಂಡತಿ ಇಬ್ಬರು, ಜೊತೆಗೆ ಸ್ಲೊವಾಕಿಯಾದ ಕಡೆಯಿಂದ ಒಂಟಿಯಾಗಿ ಹೊರಟು ದಾರಿಯಲ್ಲಿ ಅವರನ್ನು ಕೂಡಿಕೊಂಡ ಸಿದೊನಿಯಾ ಎಂಬ ಮೂವತ್ತೈದರ ಹೆಣ್ಣುಮಗಳು. ತನ್ನಷ್ಟೇ ಎತ್ತರದ ಬೆನ್ನಚೀಲ. ನಾನು ಆ ಮಧ್ಯಾಹ್ನ ನನ್ನ ಸಾಲುಗಳ ಮೇಲ್ತುದಿಯಲ್ಲಿ ಹಕ್ಕಿ ಬಲೆ ಕಟ್ಟುತ್ತಿದ್ದೆ. ಕೆಳಗಿನಿಂದ ಅವರ ಮಾತು ಏರಿ ಬರುತ್ತಿತ್ತು.

"ಊರಲ್ಲಿ ಏನು ಕೆಲ್ಸಮ್ಮ ನಿಂಗೆ?"

"ಟ್ರಾಮ್ ಓಡಿಸ್ತೀನಿ, ಅತ್ತೆ."

"ಟ್ರಾಮಿಗೆ ಹಳಿ ಇರ್ತದೆ. ಅದ್ರಲ್ಲಿ ಓಡ್ಸೋದು ಏನಿದೆ?"

"ಅದಕ್ಕೇ ಸೈಕಲ್ ತಗೊಂಡು ಬಂದೆ. ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ನಾನೇ ಎಡಕ್ಕೆ ತಿರುಗಿಲ್ಲ, ಅದೇ ತಿರುಗೋದು."

ಅಪೊಲೆನಾ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಪೀಚ್ ಮರದ ಹತ್ತಿರ ಸೈಕಲ್ ಒರಗಿಸಿ, ಕತ್ತರಿ ತೆಗೆದು, ಹುಡುಗಿಯ ಮುಖ ನೋಡುತ್ತಲೇ ಮೂರು ಗೊಂಚಲು ಕತ್ತರಿಸಿ ಮೂವರ ಕೈಗಿಟ್ಟಳು. ನಾನು ಕಂಡೆ. ಕೈಯಲ್ಲಿದ್ದ ಬಲೆ ಹಾಗೇ ನಿಂತಿತು. ಯಾಕೆಂದರೆ ಅದು ನನ್ನ ಸಾಲು.

ಹೇಗಾಯಿತೆಂದು ಹೇಳಬೇಕು, ಇಲ್ಲವಾದರೆ ಅವಳಿಗೆ ಅನ್ಯಾಯ. ನಮ್ಮ ಬೆಟ್ಟದಲ್ಲಿ ಸಾಲು ಎಣಿಸುವವರಿಲ್ಲ. ಗಾಡಿದಾರಿಯ ಅಂಚಿಗೆ, ಸಾಲು ಶುರುವಾಗುವಲ್ಲಿ ನೆಟ್ಟ ಪೀಚ್ ಮರ ನೋಡಿ ಒಳಗೆ ತಿರುಗುತ್ತೇವೆ. ಕ್ಲಿಮೆಂಟ್ ನೆಟ್ಟಿದ್ದ ಪೀಚ್ ಫೆಬ್ರವರಿಯ ಗಾಳಿಗೆ ಬಿತ್ತು. ಅವಳೇ ಅದನ್ನು ಗರಗಸದಲ್ಲಿ ಕೊಯ್ದು ಒಲೆಗೆ ಹಾಕಿದ್ದಳು. ಅಲ್ಲಿಂದ ಏಳು ಸಾಲು ಆಚೆ ನಾನು ಎಂದೋ ಹೂತ ಬೀಜ ಗಿಡವಾಗಿ, ಆ ವರ್ಷವೇ ಮೊದಲ ಸಲ ಕೆಂಪಗೆ ಕಾಯಿ ಬಿಟ್ಟಿತ್ತು. ತಲೆಗೆ ಗೊತ್ತಿದ್ದದ್ದು ಅವಳ ಕಾಲಿಗೆ ತಿಳಿಯಲಿಲ್ಲ. ನಲವತ್ತು ವರ್ಷದ ರೂಢಿಯಲ್ಲಿ ಕಾಲು ಪೀಚಿನ ಬುಡಕ್ಕೆ ತಿರುಗಿತು.

ಸಿದೊನಿಯಾ ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಅತ್ತೆ, ಇದಕ್ಕೆ ಗುಲಾಬಿ ವಾಸನೆ ಇದೆಯಲ್ಲ. ನಮ್ಮಜ್ಜಿ ಪೆಟ್ಟಿಗೆ ತೆರೆದ ಹಂಗೆ."

ಅಪೊಲೆನಾಳ ನಗು ಅಲ್ಲೇ ನಿಂತಿತು. ಅವಳದು ವೆಲ್ತ್ಲೀನ್ ತಳಿ, ಮೆಣಸಿನಂತೆ ಚುರುಕು, ಗುಲಾಬಿಯ ಸುಳಿವಿಲ್ಲ. ಘಮಘಮಿಸುವ ಮುಷ್ಕಾತ್ ತಳಿ ಆ ಬದಿಯಲ್ಲಿ ಇರುವುದು ನನ್ನದೊಂದೇ. ಅಪ್ಪನ ನಿಯಮದಂತೆ ಅವಳು ಅಲ್ಲಿಯವರೆಗೆ ಹಣ್ಣು ಬಾಯಿಗಿಟ್ಟಿರಲಿಲ್ಲ, ಇಟ್ಟಿದ್ದರೆ ಮೊದಲ ಕ್ಷಣವೇ ತಿಳಿಯುತ್ತಿತ್ತು. ಈಗ ಎಲೆ ತಿರುವಿ ನೋಡಿದಳು. ತಲೆಯ ಮೇಲಿನ ಎಳೆಯ ಪೀಚನ್ನು ನೋಡಿದಳು. ಆಮೇಲೆ ಮೇಲಕ್ಕೆ, ನನ್ನನ್ನು.

"ಇಗ್ನಾತ್ಸಣ್ಣ, ನೋಡ್ತಿದ್ದೆ ಅಲ್ವಾ?"

"ಏನು ನೋಡ್ದೆ? ಬಲೆ ಕಟ್ತಿದ್ದೆ."

"ಸುಳ್ಳು ಹೇಳಕ್ಕೂ ಬರಲ್ಲ ನಿಂಗೆ. ಕಿವಿ ಕೆಂಪಾಯ್ತು."

"ಮೂರು ಗೊಂಚಲು ಕಣೆ. ನಾನೇ ಕೊಡು ಅಂದಿದ್ದೆ ಅಂದ್ಕೋ."

"ಅಂದಿದ್ಯಾ?"

ನಾನು ಬಲೆಯ ಗಂಟಿನತ್ತ ತಿರುಗಿದೆ. ಪ್ರಾಹಾದ ಹೆಂಗಸು ಅರ್ಧ ತಿಂದ ಗೊಂಚಲನ್ನು ಬಿಸಿ ಕೆಂಡದಂತೆ ಹಿಡಿದು ನಿಂತಿದ್ದರು. ಸಿದೊನಿಯಾಳ ಮುಖ ಬಾಡಿತ್ತು. "ನಾನು ಬಾಯಿ ಮುಚ್ಕೊಂಡಿರಬೇಕಿತ್ತು," ಎಂದಳು.

ಅಪೊಲೆನಾ ಅವಳ ಭುಜ ಹಿಡಿದು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಇಲ್ಲಮ್ಮ. ನೀನು ಹೇಳ್ದೆ ಇದ್ದಿದ್ರೆ ಕಳ್ಳತನ ಮಾಡಿದ್ದು ನಂಗೇ ಗೊತ್ತಾಗದೆ, ಬೇರೆಯವ್ರನ್ನ ಗದರಿಸ್ಕೊಂಡು ತಿರುಗ್ತಿದ್ದೆ. ನಿನ್ನ ನಾಲಗೆ ಚೆನ್ನಾಗಿರಲಿ. ದೇವರು ತೀರಿಸಲಿ. ತಿನ್ನು, ಕಿತ್ತಿದ್ದನ್ನ ಬಳ್ಳಿಗೆ ಅಂಟಿಸಕ್ಕಾಗಲ್ಲ."

ಸಂಜೆಯೇ ಅವಳು ಬೆಟ್ಟದ ಕಟ್ಟಳೆ ನೋಡಿಕೊಳ್ಳುವ ಯಜಮಾನ ಬ್ಲಾಜೇಯನ ಮನೆ ಬಾಗಿಲು ತಟ್ಟಿದಳು. ನಾನೂ ಕುಂಟುತ್ತ ಹಿಂದೆ ಹೋದೆ. ಬ್ಲಾಜೇಯ್ ಒಳ್ಳೆಯವನು, ಆದರೆ ಎರಡು ವರ್ಷದಿಂದ ಒಂದು ಹುಚ್ಚು ಹಿಡಿದಿತ್ತು: ಕಾವಲು ತೆಗೆದು, ಹಕ್ಕಿ ಬೆದರಿಸಲು ಹತ್ತು ನಿಮಿಷಕ್ಕೊಮ್ಮೆ ಗುಂಡಿನ ಸದ್ದು ಮಾಡುವ ಯಂತ್ರ ತರಿಸಬೇಕೆಂದು. ಅಪೊಲೆನಾ ಇರುವವರೆಗೆ ಆ ಮಾತೆತ್ತಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅವಳು ಗಿರಕಿ ಕೆಳಗಿಟ್ಟರೆ ಮರುದಿನವೇ ಯಂತ್ರ ಬರುತ್ತಿತ್ತು. ಇದು ಅವಳಿಗೂ ಗೊತ್ತು, ನಮಗೂ ಗೊತ್ತು.

ಬ್ಲಾಜೇಯ್ ಸೂಪಿನ ಚಮಚ ಹಿಡಿದೇ ಕೇಳಿದ. "ಮೂರು ಗೊಂಚಲಿಗೆ ಇಷ್ಟಾ, ಅತ್ತೆ? ಕಬ್ಬಕ್ಕಿ ದಿನಾ ಮೂವತ್ತು ತಿಂತಾವೆ."

"ಕಬ್ಬಕ್ಕಿ ಕಂಬದ ಹತ್ರ ನಿಂತು ಮಾತು ಕೊಟ್ಟಿಲ್ಲ."

"ತಪ್ಪು ನಂದು," ಎಂದೆ ನಾನು. "ಯಾರಿಗೂ ಹೇಳ್ದೆ ಪೀಚ್ ಬೆಳೆಸ್ದೆ. ಅದು ದಾರಿ ತಪ್ಪಿಸ್ತು."

"ಪೀಚ್ ಕೈಲಿ ಕತ್ತರಿ ಇರಲಿಲ್ಲ, ಅಣ್ಣ. ನನ್ನ ಕೈಲಿತ್ತು."

ಬ್ಲಾಜೇಯ್ ಚಮಚ ಕೆಳಗಿಟ್ಟ. "ಸರಿ ಅತ್ತೆ, ದಂಡ ಬೇಕೇ ಬೇಕು ಅಂದ್ರೆ ಎರಡು ಬುಟ್ಟಿ ಸಾಕು. ವಯಸ್ಸಾಗಿದೆ."

"ವಯಸ್ಸು ನೋಡಿ ಗಿರಕಿ ಕಿತ್ಕೊಂಡಿದ್ರಾ? ಇಲ್ವಲ್ಲ. ಹಂಗಾದ್ರೆ ಬುಟ್ಟೀನೂ ಕಿತ್ಕೋಬೇಡಿ. ನಾಳೆ ಹತ್ತು."

ಬೆಳಗ್ಗೆ ಆರಕ್ಕೆ ಶುರು ಮಾಡಿದಳು. ಹದಿನೈದು ಕಿಲೋದ ಬುಟ್ಟಿ, ಬೆಟ್ಟದ ಬುಡದಿಂದ ನನ್ನ ಸಾಲಿನ ತಲೆಗೆ ಇನ್ನೂರ ನಲವತ್ತು ಹೆಜ್ಜೆ, ಎಲ್ಲವೂ ಏರು. ಮೊದಲ ನಾಲ್ಕು ಬುಟ್ಟಿ ಹುಡುಗಿಯಂತೆ ಹೊತ್ತಳು. ಪ್ರಾಹಾದ ಗಂಡಹೆಂಡತಿ ಆ ದಿನ ಮುಂದಿನ ಊರಿಗೆ ಹೊರಡಬೇಕಿತ್ತು, ಹೊರಡಲಿಲ್ಲ. ಸಿದೊನಿಯಾ ಕಂಬದ ಬಳಿ ಸೈಕಲ್ ಮಲಗಿಸಿ ಕುಳಿತಳು. ಊರವರು ಒಬ್ಬೊಬ್ಬರೇ ಬಂದು ಏನೋ ನೆಪ ಹೇಳಿ ಬೆಟ್ಟದ ಬಾಯಲ್ಲಿ ನಿಂತರು. ಒಬ್ಬಳು ಗಸಗಸೆ ಹೂರಣದ ಸಿಹಿ ಬನ್ನು, ಕೊಲಾಚ್ ತಂದಳು, ಇನ್ನೊಬ್ಬ ನೀರು. ಅವುಗಳನ್ನೆಲ್ಲ ಅಪೊಲೆನಾ ತೆಗೆದುಕೊಂಡಳು, ಪ್ರತಿಯೊಬ್ಬರಿಗೂ ದೇವರು ತೀರಿಸಲಿ ಎಂದಳು. ತಿನ್ನುವುದಕ್ಕೆ ನಿಯಮದ ಅಡ್ಡಿಯಿಲ್ಲ.

ಅವಳು ಮೊದಲ ಬುಟ್ಟಿ ಸುರಿದಾಗ ನಾನು ಸಾಲಿನ ತಲೆಯಲ್ಲೇ ಇದ್ದೆ. ಮಣ್ಣನ್ನು ಅಂಗೈಯಲ್ಲಿ ಹರವಿ, ಬೇರಿನ ಬುಡಕ್ಕೆ ಮಗುವಿನ ಹಾಸಿಗೆ ಸರಿಪಡಿಸುವಂತೆ ತಟ್ಟಿದಳು. "ನಿನ್ನ ಸಾಲಿಗೆ ಮಣ್ಣು ಕಮ್ಮಿ ಇತ್ತು ಕಣಣ್ಣ. ಬೇರು ಕಾಣ್ತಿದೆ. ನನ್ನ ತಪ್ಪಿಂದ ಅದಕ್ಕಾದ್ರೂ ಒಳ್ಳೇದಾಯ್ತು." ನಿಜವಿತ್ತು. ಸೊಂಟ ಮುರಿದಾಗಿನಿಂದ ನಾನು ಒಂದು ಬುಟ್ಟಿ ಮಣ್ಣೂ ಮೇಲೆ ಹೊತ್ತಿರಲಿಲ್ಲ.

ಆರನೆಯ ಬುಟ್ಟಿಗೆ ಬಲ ಮಂಡಿ ಕೈಕೊಟ್ಟಿತು. ಏಳನೆಯದಕ್ಕೆ ದಾರಿಯಲ್ಲಿ ಮೂರು ಸಲ ನಿಂತಳು. ಎಂಟನೆಯದನ್ನು ಸುರಿದು ಕೆಳಗಿಳಿದು ಬರುವಷ್ಟರಲ್ಲಿ ನಾಲ್ಕೂವರೆ. ಸಂಜೆಯ ಗಂಟೆ ಆರಕ್ಕೆ. ಮಣ್ಣಿನ ಗುಡ್ಡೆಯ ಪಕ್ಕದ ಕಲ್ಲಿನ ಮೇಲೆ ಕುಳಿತಳು. ತುಟಿ ಬಿಳಿಚಿತ್ತು, ಆದರೆ ಬೆಟ್ಟದ ಕಡೆ ನೋಡುತ್ತಿದ್ದ ಕಣ್ಣಲ್ಲಿ ದುಃಖವಿರಲಿಲ್ಲ. ಅವಳು ಎದ್ದು, ಒಂಬತ್ತನೆಯ ಬುಟ್ಟಿ ತಾನೇ ತುಂಬಿ, ಪಟ್ಟಿಗಳಿಗೆ ತೋಳು ತೂರಿಸಿ ಏಳಲು ನೋಡಿದಳು. ಆಗಲಿಲ್ಲ. ಮತ್ತೆ ಕುಳಿತಳು.

ಸಿದೊನಿಯಾಗೆ ತಡೆಯಲಾಗಲಿಲ್ಲ. ತನ್ನ ಬೆನ್ನಚೀಲದ ಬಟ್ಟೆಬರೆಯನ್ನೆಲ್ಲ ಹುಲ್ಲಿನ ಮೇಲೆ ಸುರಿದು, ಖಾಲಿ ಚೀಲ ಹಿಡಿದು ಓಡಿ ಬಂದಳು. "ಅರ್ಧ ಇದಕ್ಕೆ ಹಾಕಿ, ಅತ್ತೆ. ತಿಂದಿದ್ದು ನಾನು. ಜೊತೇಲಿ ಹೊತ್ಕೊಂಡು ಬರ್ತೀನಿ."

ಬ್ಲಾಜೇಯ್ ಹತ್ತಿರ ಬಂದು ದನಿ ತಗ್ಗಿಸಿದ. "ಗಂಟೆ ಹೊಡೆಯೋನು ನನ್ನ ಭಾಮೈದ. ಅರ್ಧ ಗಂಟೆ ತಡ ಮಾಡು ಅಂದ್ರೆ ಮಾಡ್ತಾನೆ. ಯಂತ್ರದ ಮಾತು ನಾನು ಇನ್ನೆತ್ತಲ್ಲ, ಅತ್ತೆ. ಕೂತು ಸುಧಾರಿಸ್ಕೊಳ್ಳಿ."

ಏಳು ತಿಂಗಳ ಗುರುವಾರಗಳು ಎದೆಯಲ್ಲಿ ಒತ್ತರಿಸಿಕೊಂಡು ಬಂದವು. ಬಗ್ಗಿ ಬುಟ್ಟಿಯ ಅಂಚಿಗೆ ಕೈ ಚಾಚಿದೆ, ಎತ್ತಿ ಕೊಡುವುದಕ್ಕಷ್ಟೇ.

ಅಪೊಲೆನಾ ನನ್ನ ಕೈಯನ್ನು ಮೆಲ್ಲಗೆ ಆಚೆ ಸರಿಸಿದಳು. ಗುದ್ದಲಿಯನ್ನು ನೆಲಕ್ಕೆ ಊರಿ, ಅದರ ಹಿಡಿ ಹಿಡಿದು, ಹಲ್ಲು ಕಚ್ಚಿ ಎದ್ದು ನಿಂತಳು. ಉಸಿರು ತೆಗೆದುಕೊಂಡು ನಮ್ಮೆಲ್ಲರನ್ನೂ ನೋಡಿದಳು.

"ಗಂಟೆ ಹೊತ್ತಿಗೇ ಹೊಡೀಲಿ, ಬ್ಲಾಜೇಯ್. ನನ್ನೊಬ್ಬಳ ಕಾಲಿಗಾಗಿ ಊರು ತಡವಾಗಿ ಉಣ್ಣೋದು ಬೇಡ. ಸಿದೊನಿಯಾ, ಬಟ್ಟೆ ಎತ್ತಿ ಚೀಲಕ್ಕೆ ಹಾಕ್ಕೊಳಮ್ಮ, ಇರುವೆ ಹತ್ತುತ್ತೆ. ಇಗ್ನಾತ್ಸಣ್ಣ, ಕೈ ಜೇಬಲ್ಲಿಟ್ಕೋ. ನಿಮ್ಮೆಲ್ಲರ ಉಪಕಾರ ಈಗಾಗ್ಲೇ ನನ್ನ ತಲೆ ಮೇಲಿದೆ, ಅದನ್ನ ಸಾಯೋ ತನಕ ಹೊರ್ತೀನಿ. ಈ ಬುಟ್ಟಿ ಮಾತ್ರ ನನ್ನದು. ದಾರಿ ಬಿಡಿ."